ದೇವರ ಮನೆಯಿಂದ ಹೊರಬಂದವರು

ಗೃಹಪ್ರವೇಶವೋ ಸತ್ಯನಾರಾಯಣ ಪೂಜೆಯೋ ನಡೆದಿರುತ್ತದೆ. ಮಂಗಳಾರತಿ ತಟ್ಟೆ ಸಾಲಾಗಿ ಎಲ್ಲರ ಮುಂದೆ ಬರುತ್ತದೆ. ಒಬ್ಬರು ಮಾತ್ರ ಕೈ ಚಾಚದೆ ಮೆಲ್ಲಗೆ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ತಟ್ಟೆ ಹಿಡಿದವರು ಒಂದು ಗಳಿಗೆ ತಡೆದು ಮುಂದೆ ಹೋಗುತ್ತಾರೆ. ಆಮೇಲೆ ಊಟದ ಪಂಕ್ತಿಯಲ್ಲಿ ಯಾರೋ ಹಿರಿಯರು ತಗ್ಗಿದ ದನಿಯಲ್ಲಿ ಕೇಳುತ್ತಾರೆ: “ಯಾಕಪ್ಪಾ, ನಿಮ್ಮನೇಲಿ ದೇವರು ದಿಂಡರು ಅಂತ ಏನೂ ಇರ್ಲಿಲ್ವಾ?”

ಈ ಪ್ರಶ್ನೆಯನ್ನು ನಾನು ಹಲವು ಪಂಕ್ತಿಗಳಲ್ಲಿ ಕೇಳಿದ್ದೇನೆ. ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ದೇವರನ್ನು ನಂಬದವನಿಗೆ ಚಿಕ್ಕಂದಿನಲ್ಲಿ ಯಾರೂ ಹೇಳಿಕೊಡಲಿಲ್ಲ ಎಂದು ಅವರು ನಿಜವಾಗಿಯೂ ತಿಳಿದಿರುತ್ತಾರೆ. ಹಾಗಲ್ಲದಿದ್ದರೆ ಎಲ್ಲೋ ದೊಡ್ಡ ಪೆಟ್ಟು ಬಿದ್ದಿರಬೇಕು, ಹರಕೆ ಫಲಿಸದೆ ಸಿಟ್ಟು ಬಂದಿರಬೇಕು ಎಂದುಕೊಳ್ಳುತ್ತಾರೆ. ನಾಸ್ತಿಕರು ಎಂಥ ಮನೆಗಳಿಂದ ಬರುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಎರಡು ಊಹೆಗಳೂ ನಿಲ್ಲುವುದಿಲ್ಲ.

1930ರ ಅಕ್ಟೋಬರಿನಲ್ಲಿ ಲಾಹೋರಿನ ಜೈಲಿನಲ್ಲಿದ್ದ ಭಗತ್ ಸಿಂಗ್‌ಗೆ ಇಂಥದೇ ಒಂದು ಆರೋಪ ಎದುರಾಯಿತು. ಹೆಸರು ಬಂದು ತಲೆಗೇರಿದೆ, ಅದಕ್ಕೇ ದೇವರು ಬೇಡವಾಗಿದ್ದಾನೆ ಎಂಬ ಮಾತು. ಅದಕ್ಕೆ ಉತ್ತರವಾಗಿ ಅವನು ಬರೆದದ್ದೇ ‘ನಾನೇಕೆ ನಾಸ್ತಿಕ’ ಎಂಬ ಲೇಖನ. ಆಗ ಅವನಿಗೆ 23 ವರ್ಷ, ನೇಣಿಗೆ ಇನ್ನು ಕೆಲವೇ ತಿಂಗಳು. ಆ ಲೇಖನದಲ್ಲಿ ಅವನು ಮೊದಲು ಒಪ್ಪಿಸುವುದು ತನ್ನ ಮನೆಯ ಲೆಕ್ಕವನ್ನು. ಅಜ್ಜ ಅರ್ಜನ್ ಸಿಂಗ್ ಗಟ್ಟಿ ಆರ್ಯಸಮಾಜಿ. ಅಪ್ಪ ಧರ್ಮದ ವಿಷಯದಲ್ಲಿ ಉದಾರಿ, ಆದರೆ ನಾಸ್ತಿಕರಲ್ಲ. ಮಗ ದಿನವೂ ಪ್ರಾರ್ಥನೆ ಮಾಡಲಿ ಎಂದು ಬಯಸುವವರು. ಲಾಹೋರಿನ ಡಿ.ಎ.ವಿ. ಶಾಲೆಯ ಹಾಸ್ಟೆಲಿನಲ್ಲಿದ್ದಾಗ ಬೆಳಿಗ್ಗೆ ಸಂಜೆಯ ಪ್ರಾರ್ಥನೆ ಸಾಲದೆ ಈ ಹುಡುಗ ಗಂಟೆಗಟ್ಟಲೆ ಗಾಯತ್ರಿ ಜಪ ಮಾಡುತ್ತಿದ್ದ. 1926ರ ಕೊನೆಯ ಹೊತ್ತಿಗೆ, ಓದುತ್ತ ಓದುತ್ತ, ಜಗತ್ತನ್ನು ಸೃಷ್ಟಿಸಿ ನಡೆಸುವ ಸರ್ವಶಕ್ತನೊಬ್ಬನಿದ್ದಾನೆ ಎಂಬ ನಂಬಿಕೆ ಅವನಿಗೆ ಉಳಿಯಲಿಲ್ಲ. ಅವನು ಬಂದದ್ದು ದೇವರಿಲ್ಲದ ಮನೆಯಿಂದಲ್ಲ. ನಂಬಿಕೆ ಬಿಡುವ ಹೊತ್ತಿಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ. ಜೈಲು, ಗಲ್ಲು ಎಲ್ಲ ಬಂದದ್ದು ಆಮೇಲೆ. ಸಾವು ಎದುರಿಗಿದ್ದಾಗಲಾದರೂ ದೇವರನ್ನು ನೆನೆ ಎಂದವರಿಗೆ ಅವನು ಕೊಟ್ಟ ಉತ್ತರವನ್ನು ಓದಿದಾಗಲೆಲ್ಲ ನನಗೆ ಅಜ್ಜನ ಮನೆಯ ಆ ಗಟ್ಟಿತನವೇ ಅಲ್ಲಿ ಕಾಣುತ್ತದೆ. ನಂಬಿಕೆ ಹೋಗಿತ್ತು, ನಂಬಿದ್ದನ್ನು ಬದುಕಬೇಕೆಂಬ ಹಟ ಉಳಿದಿತ್ತು.

ಈರೋಡಿನ ರಾಮಸಾಮಿ, ಅಂದರೆ ಪೆರಿಯಾರ್, ಹುಟ್ಟಿದ್ದು 1879ರಲ್ಲಿ. ಮನೆಮಾತು ಕನ್ನಡ ಎಂಬುದನ್ನು ನಮ್ಮವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆ ಕನ್ನಡದ ಮನೆ ಎಂಥದಿತ್ತು ಎಂಬುದು ಇಲ್ಲಿ ಮುಖ್ಯ. ಅಪ್ಪ ಕಷ್ಟಪಟ್ಟು ಮೇಲೆ ಬಂದ ವ್ಯಾಪಾರಿ, ಅಮ್ಮ ನೇಮನಿಷ್ಠೆಯ ವೈಷ್ಣವ ಹೆಂಗಸು. ಮನೆಯಲ್ಲಿ ಪಂಡಿತರಿಗೆ ಊಟ, ದಕ್ಷಿಣೆ, ಪುರಾಣ ಪ್ರವಚನ. ಹುಡುಗನ ಶಾಲೆ ಹತ್ತರ ಆಸುಪಾಸಿನಲ್ಲೇ ನಿಂತಿತು. ಅವನ ನಿಜವಾದ ಪಾಠಶಾಲೆ ಆ ಪ್ರವಚನಗಳೇ. ಹೋದ ವಾರ ಬಂದ ಪಂಡಿತರು ಹೀಗೆ ಹೇಳಿದರು, ಈ ವಾರದವರು ಹಾಗೆ ಹೇಳುತ್ತಿದ್ದಾರೆ, ಯಾವುದು ನಿಜ ಎಂದು ಕೇಳುವುದನ್ನು ಅಲ್ಲಿಯೇ ಕಲಿತ. ಎಲ್ಲ ಹಣೆಬರಹ ಎನ್ನುತ್ತಿದ್ದ ಅಂಗಡಿಯವನೊಬ್ಬನ ತಟ್ಟಿಯನ್ನು ಕೆಳಗೆ ಬೀಳಿಸಿ, ಇದೂ ನಿಮ್ಮ ಹಣೆಬರಹವೇ ಎಂದು ಓಡಿಹೋದ ಎಂಬ ಕಥೆಯನ್ನು ತಮಿಳುನಾಡಿನಲ್ಲಿ ಈಗಲೂ ಹೇಳುತ್ತಾರೆ.

1904ರಲ್ಲಿ ಅಪ್ಪನ ಮೇಲೆ ಮುನಿಸಿಕೊಂಡು ಅವನು ಹೋದದ್ದು ಕಾಶಿಗೆ. ಮನೆಬಿಟ್ಟ ಮಗ ಕಾಶಿಯ ದಾರಿ ಹಿಡಿಯುವುದು ನಮ್ಮ ನಾಡಿನ ಹಳೆಯ ರೂಢಿ. ದೇವರನ್ನು ಬಿಟ್ಟವನ ದಾರಿ ಅದಲ್ಲ. ಅಲ್ಲಿ ಹಸಿವಾಯಿತು. ಧರ್ಮಛತ್ರದಲ್ಲಿ ಊಟ ಬ್ರಾಹ್ಮಣರಿಗೆ ಮಾತ್ರ. ಜನಿವಾರ ಹಾಕಿಕೊಂಡು ಒಳಗೆ ಹೋಗಲು ನೋಡಿದ. ಬಾಗಿಲು ಕಾಯುವವನು ಅವನ ಮೀಸೆ ನೋಡಿ ಹೊರದಬ್ಬಿದ. ಹಸಿವು ತಾಳಲಾರದೆ ಬೀದಿಗೆಸೆದ ಎಲೆಗಳಲ್ಲಿ ಉಳಿದಿದ್ದನ್ನು ತಿಂದ. ಆ ಛತ್ರ ಕಟ್ಟಿಸಿದ್ದು ದಕ್ಷಿಣದ ಒಬ್ಬ ಅಬ್ರಾಹ್ಮಣ ವ್ಯಾಪಾರಿ ಎಂಬುದು ಅವನ ಮನಸ್ಸಿನಲ್ಲಿ ನಾಟಿ ನಿಂತಿತು. ಊರಿಗೆ ಮರಳಿದ ಮೇಲೆ ಅದೇ ರಾಮಸಾಮಿ ಈರೋಡಿನ ದೇವಸ್ಥಾನ ಸಮಿತಿಯ ಮುಖ್ಯಸ್ಥನಾಗಿ ಗುಡಿಗಳ ಲೆಕ್ಕಪತ್ರ ನೋಡಿಕೊಂಡ ಎಂಬುದನ್ನೂ ಮರೆಯಬಾರದು. ಆತ್ಮಗೌರವ ಚಳವಳಿ ಶುರುವಾದದ್ದು 1925ರಲ್ಲಿ, ಕಾಶಿಯಿಂದ ಬಂದು ಎರಡು ದಶಕ ಕಳೆದ ಮೇಲೆ. ಒಂದು ದಿನದ ಅವಮಾನದಿಂದ ಯಾರೂ ನಾಸ್ತಿಕರಾಗುವುದಿಲ್ಲ. ಅವಮಾನವನ್ನು ಇಪ್ಪತ್ತು ವರ್ಷ ಮಡಿಲಲ್ಲಿಟ್ಟುಕೊಂಡು, ಅದಕ್ಕೆ ಕಾರಣ ಹುಡುಕುತ್ತ ಹೋದಾಗ ಆಗಬಹುದು. ಪುರಾಣದ ಒಂದೊಂದು ಕಥೆಯನ್ನೂ ಪೆರಿಯಾರ್ ಬಿಡಿಸಿ ಬಿಡಿಸಿ ಎದುರಿಸಿದರಲ್ಲ, ಅದು ಪುರಾಣವನ್ನು ಚಿಕ್ಕಂದಿನಲ್ಲಿ ಕಿವಿತುಂಬ ಕೇಳಿದವರಿಗೆ ಮಾತ್ರ ಸಾಧ್ಯವಿದ್ದ ಕೆಲಸ.

ಇಂಗ್ಲೆಂಡಿನ ಚಾರ್ಲ್ಸ್ ಬ್ರ್ಯಾಡ್ಲಾ ಕಥೆಯೂ ಹೀಗೆಯೇ. 1833ರಲ್ಲಿ ಲಂಡನ್ನಿನ ಬಡ ಬಡಾವಣೆಯಲ್ಲಿ ಹುಟ್ಟಿದ ಈತ ಹದಿನೈದರ ಸುಮಾರಿಗೆ ಭಾನುವಾರದ ಧರ್ಮಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಬಿಷಪ್ ಬರುತ್ತಾರೆ, ಚೆನ್ನಾಗಿ ತಯಾರಾಗು ಎಂದು ಪಾದ್ರಿ ಹೇಳಿದರು. ಹುಡುಗ ತಯಾರಿಯನ್ನು ಮನಸ್ಸಿಟ್ಟು ಮಾಡಿದ. ಚರ್ಚಿನ 39 ವಿಧಿಗಳನ್ನು ನಾಲ್ಕು ಸುವಾರ್ತೆಗಳ ಪಕ್ಕದಲ್ಲಿಟ್ಟು ಓದಿದಾಗ ಅವು ಒಂದಕ್ಕೊಂದು ಹೊಂದುತ್ತಿಲ್ಲ ಎನಿಸಿ, ದಯವಿಟ್ಟು ಬಿಡಿಸಿ ಹೇಳಿ ಎಂದು ಪಾದ್ರಿಗೇ ಕಾಗದ ಬರೆದ. ಉತ್ತರ ಬರಲಿಲ್ಲ. ನಿಮ್ಮ ಮಗ ನಾಸ್ತಿಕನಾಗುತ್ತಿದ್ದಾನೆ ಎಂದು ಅಪ್ಪನಿಗೆ ದೂರು ಹೋಯಿತು, ಪಾಠದಿಂದ ಮೂರು ತಿಂಗಳು ಅವನನ್ನು ಹೊರಗಿಟ್ಟರು. ಕೇಳಿದ್ದು ಭಕ್ತನ ಪ್ರಶ್ನೆ; ಅದನ್ನು ನಾಸ್ತಿಕನ ಪ್ರಶ್ನೆಯನ್ನಾಗಿ ಮಾಡಿದವರು ಪಾದ್ರಿ. ಮುಂದೆ ಈತ ಪಾರ್ಲಿಮೆಂಟಿಗೆ 1880ರಲ್ಲಿ ಆರಿಸಿ ಬಂದರೂ ಪ್ರಮಾಣವಚನದ ಜಗಳದಿಂದ 1886ರವರೆಗೆ ಸರಿಯಾಗಿ ಆಸನ ಸಿಗಲಿಲ್ಲ. ಭಾರತದ ಪರವಾಗಿ ಗಟ್ಟಿಯಾಗಿ ಮಾತನಾಡುತ್ತಿದ್ದ ಇವರ ಅಂತ್ಯಕ್ರಿಯೆಗೆ 1891ರಲ್ಲಿ ಲಂಡನ್ನಿನಲ್ಲಿದ್ದ ತರುಣ ಗಾಂಧಿಯೂ ಹೋಗಿದ್ದರು.

ಪವಾಡಗಳನ್ನು ಬಯಲು ಮಾಡಿ ಕನ್ನಡಿಗರಿಗೂ ಪರಿಚಿತರಾದ ಅಬ್ರಹಾಂ ಕೋವೂರ್ ಕೇರಳದ ಮಾರ್ ಥೋಮಾ ಚರ್ಚಿನ ದೊಡ್ಡ ಪುರೋಹಿತರೊಬ್ಬರ ಮಗ. ಇಂಥ ಹೆಸರುಗಳನ್ನು ಇನ್ನೂ ಎಷ್ಟಾದರೂ ಹೇಳಬಹುದು.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಹೆಸರಾಂತರ ಆತ್ಮಕಥೆಗಳನ್ನು ಓದಿ ಎಲ್ಲರ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಮನೆಯಲ್ಲಿ ಕಟ್ಟುನಿಟ್ಟಾದ ಧರ್ಮವಿದ್ದು, ಅದನ್ನು ಒದ್ದಾಡಿ ಬಿಟ್ಟವರ ಬಳಿ ಹೇಳಲು ಕಥೆಯಿರುತ್ತದೆ. ಸದ್ದಿಲ್ಲದೆ ಬಿಟ್ಟವರು ಪುಸ್ತಕ ಬರೆಯುವುದಿಲ್ಲ. ಹೀಗಾಗಿ ನಮಗೆ ಕಾಣುವ ನಾಸ್ತಿಕರೆಲ್ಲ ಪುರೋಹಿತರ ಮಕ್ಕಳಂತೆ, ಹೋರಾಟಗಾರರಂತೆ ಕಾಣುತ್ತಾರೆ. ಸಾಮಾನ್ಯ ಜನರ ವಿಷಯ ತಿಳಿಯಬೇಕಾದರೆ ಸಮೀಕ್ಷೆಗಳ ಕಡೆಗೆ ಹೋಗಬೇಕು.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2014ರಲ್ಲಿ ಸುಮಾರು 35 ಸಾವಿರ ಜನರನ್ನು ಮಾತನಾಡಿಸಿತು. ನಿಮ್ಮ ಧರ್ಮ ಯಾವುದು ಎಂದರೆ ‘ಯಾವುದೂ ಇಲ್ಲ’ ಎಂದವರು ನೂರಕ್ಕೆ 23. ಅವರೆಲ್ಲರೂ ನಾಸ್ತಿಕರಲ್ಲ, ತಮ್ಮನ್ನು ನಾಸ್ತಿಕ ಎಂದೇ ಕರೆದುಕೊಂಡವರು ನೂರಕ್ಕೆ 3ರಷ್ಟು ಮಾತ್ರ. ಧರ್ಮ ಯಾವುದೂ ಇಲ್ಲ ಎಂದವರಲ್ಲಿ ನೂರಕ್ಕೆ 78 ಜನ ಯಾವುದಾದರೊಂದು ಧರ್ಮದಲ್ಲಿ ಬೆಳೆದು ಹೊರಬಂದವರು. ಯಾಕೆ ಬಿಟ್ಟಿರಿ ಎಂದು ಹಾಗೆ ಹೊರಬಂದವರನ್ನು ಕೇಳಿದಾಗ ಸುಮಾರು ಅರ್ಧದಷ್ಟು ಜನ ಹೇಳಿದ್ದು ಒಂದೇ: ನಂಬಿಕೆ ಬರಲಿಲ್ಲ, ಅಥವಾ ಇದ್ದದ್ದು ಉಳಿಯಲಿಲ್ಲ. ನಮ್ಮ ಪಂಕ್ತಿಯ ಹಿರಿಯರ ಪ್ರಶ್ನೆಗೆ ಅಮೆರಿಕದ ಉತ್ತರ ಅಲ್ಲಿಗೆ ಸ್ಪಷ್ಟ. ಐವರಲ್ಲಿ ನಾಲ್ವರ ಮನೆಯಲ್ಲಿ ದೇವರಿದ್ದ.

ಹಾಗಾದರೆ ಎಲ್ಲರೂ ಬ್ರ್ಯಾಡ್ಲಾ ಹಾಗೆ ಗ್ರಂಥಗಳನ್ನು ಹೋಲಿಸಿ ನೋಡಿ ಬಿಟ್ಟವರೇ? ಮನಶ್ಶಾಸ್ತ್ರಜ್ಞ ವಿಲ್ ಜರ್ವೈಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಸುಮಾರು 1400 ಅಮೆರಿಕನ್ನರನ್ನು ಪರೀಕ್ಷಿಸಿ ನೋಡಿದಾಗ, ತರ್ಕಬುದ್ಧಿ ಹೆಚ್ಚಿರುವುದಕ್ಕೂ ನಾಸ್ತಿಕತೆಗೂ ಇದ್ದ ಸಂಬಂಧ ದುರ್ಬಲವಾದದ್ದು. ಎಲ್ಲಕ್ಕಿಂತ ಬಲವಾಗಿ ಕಂಡ ಕಾರಣ ಬೇರೆಯೇ ಇತ್ತು: ಚಿಕ್ಕಂದಿನಲ್ಲಿ ದೊಡ್ಡವರು ತಾವು ನಂಬಿದ್ದನ್ನು ನಡೆದು ತೋರಿಸಿದ್ದನ್ನು ಈ ಮಕ್ಕಳು ಅಷ್ಟಾಗಿ ಕಂಡಿರಲಿಲ್ಲ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಚ್ 2009ರಲ್ಲೇ ಮುಂದಿಟ್ಟಿದ್ದ ವಿಚಾರ ಇದು. ಮಗು ಕಿವಿಯಿಂದ ಕೇಳಿದ್ದಕ್ಕಿಂತ ಕಣ್ಣಿನಿಂದ ನೋಡಿದ್ದನ್ನು ನಂಬುತ್ತದೆ. ಅಜ್ಜಿ ಏಕಾದಶಿಯ ದಿನ ನೀರೂ ಮುಟ್ಟದಿದ್ದರೆ, ತನಗಾಗಿ ತೆಗೆದಿಟ್ಟದ್ದನ್ನೂ ಬಾಗಿಲಿಗೆ ಬಂದವರಿಗೆ ಕೊಟ್ಟರೆ, ಆ ದೇವರಿಗೆ ಮಗುವಿನ ಕಣ್ಣಿನಲ್ಲಿ ತೂಕ ಬರುತ್ತದೆ. ಬಾಯಲ್ಲಿ ದೇವರು, ನಡತೆಯಲ್ಲಿ ಬೇರೇನೋ ಆದರೆ ಆ ತೂಕ ಬರುವುದಿಲ್ಲ.

ನಾಸ್ತಿಕತೆಯನ್ನು ಬುದ್ಧಿವಂತಿಕೆಯ ಪದಕದ ಹಾಗೆ ಎದೆಗೆ ಚುಚ್ಚಿಕೊಳ್ಳುವ ನಮ್ಮ ಕೆಲವು ಗೆಳೆಯರು ಇದನ್ನು ಗಮನಿಸಬೇಕು. ಮಗ ಕೆಟ್ಟ ಸಹವಾಸದಿಂದ ದೇವರನ್ನು ಬಿಟ್ಟ ಎಂದು ಕೊರಗುವ ತಂದೆತಾಯಿಯರೂ ಗಮನಿಸಬೇಕು. ಹೆಚ್ಚಿನವರು ಬಂದದ್ದು ಉಗ್ರ ಧರ್ಮನಿಷ್ಠೆಯ ಮನೆಗಳಿಂದಲ್ಲ, ಧರ್ಮ ಬರೀ ಹೆಸರಿಗೆ ಉಳಿದಿದ್ದ ಬೆಚ್ಚಗಿನ ಮನೆಗಳಿಂದ. ಗಟ್ಟಿ ನಿಷ್ಠೆಯ ಮನೆಯಿಂದ ಹೊರಬರುವವರು ಕಡಿಮೆ. ಕೆನಡಾದ ಬಾಬ್ ಆಲ್ಟೆಮೇಯರ್ ಮತ್ತು ಬ್ರೂಸ್ ಹನ್ಸ್‌ಬರ್ಗರ್ ಅಂಥ ಅಪರೂಪದವರನ್ನೇ ವಿಶ್ವವಿದ್ಯಾಲಯಗಳಲ್ಲಿ ಹುಡುಕಿ ಮಾತನಾಡಿಸಿ 1997ರಲ್ಲಿ ಪುಸ್ತಕ ಬರೆದರು. ಆ ವಿದ್ಯಾರ್ಥಿಗಳು ಮನೆಯಿಂದ ಹೊತ್ತು ತಂದದ್ದು ಸತ್ಯವನ್ನು ಬಿಡಬಾರದೆಂಬ ಪಾಠವನ್ನು. ಅದನ್ನು ಕಲಿಸಿದ್ದು ಧರ್ಮವೇ. ಒಂದು ದಿನ ಅದೇ ಪಾಠ ಧರ್ಮಕ್ಕೇ ತಿರುಗಿ ನಿಂತಿತು.

ಹುಟ್ಟಿನಿಂದಲೇ ಧರ್ಮವಿಲ್ಲದೆ ಬೆಳೆದವರ ಕಥೆ ಬೇರೆ. ಅದಕ್ಕೆ ಜಾನ್ ಸ್ಟುವರ್ಟ್ ಮಿಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವನ ಅಪ್ಪ ಜೇಮ್ಸ್ ಮಿಲ್ ಸ್ಕಾಟ್‌ಲೆಂಡಿನ ಚಮ್ಮಾರನೊಬ್ಬನ ಮಗ. ಎಡಿನ್‌ಬರೋದಲ್ಲಿ ದೇವತಾಶಾಸ್ತ್ರ ಓದಿ 1798ರಲ್ಲಿ ಉಪದೇಶ ಮಾಡುವ ಪರವಾನಗಿಯನ್ನೂ ಪಡೆದವನು. ಆಮೇಲೆ ನಂಬಿಕೆ ಕಳೆದುಕೊಂಡು ಮಗನನ್ನು ಯಾವ ಧರ್ಮವನ್ನೂ ಹೇಳಿಕೊಡದೆ ಬೆಳೆಸಿದ. ಧರ್ಮವನ್ನು ಕಳಚಿಕೊಂಡವನಲ್ಲ, ಅದು ಎಂದೂ ಇರದೇ ಹೋದವನು ತಾನು, ಇಂಗ್ಲೆಂಡಿನಲ್ಲಿ ಇಂಥವರು ಬಹಳ ವಿರಳ ಎಂದು ಮಗ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮೂರನೆಯ ವಯಸ್ಸಿಗೆ ಗ್ರೀಕ್ ಕಲಿಯತೊಡಗಿದ ಆ ಹುಡುಗನಿಗೆ ಸುತ್ತಲಿನ ಕ್ರೈಸ್ತರ ನಂಬಿಕೆ, ಹೆರೊಡೊಟಸ್ ಬರೆದ ಪ್ರಾಚೀನರ ನಂಬಿಕೆಯ ಹಾಗೆಯೇ ಕಂಡಿತಂತೆ. ಯಾರದೋ ಪದ್ಧತಿ, ತನಗೆ ಸಂಬಂಧವಿಲ್ಲದ್ದು. ಅಲ್ಲಿ ಕೋಪವಿಲ್ಲ, ನೋವಿಲ್ಲ, ಬಿಡುಗಡೆಯ ನಿಟ್ಟುಸಿರೂ ಇಲ್ಲ. ಎರಡನೆಯ ತಲೆಮಾರಿನ ನಾಸ್ತಿಕತೆಯ ಗುರುತು ಇದೇ.

ಈ ಮಿಲ್, ಬರ್ಟ್ರಂಡ್ ರಸೆಲ್‌ನ ತಂದೆಗೆ ಗುರುಸಮಾನ, 1872ರಲ್ಲಿ ಹುಟ್ಟಿದ ಕೂಸು ರಸೆಲ್‌ಗೆ ಧರ್ಮದ ಶಾಸ್ತ್ರವಿಲ್ಲದ ಧರ್ಮಪಿತ. ತಂದೆ ಆಂಬರ್ಲಿ ದೇವರನ್ನು ನಂಬದವರು. ತಾವು ಸತ್ತರೆ ಮಕ್ಕಳು ಧರ್ಮದ ಕಟ್ಟಿಲ್ಲದೆ ಬೆಳೆಯಲಿ ಎಂದು ಇಬ್ಬರು ಸ್ವತಂತ್ರ ವಿಚಾರಿಗಳನ್ನು ಪಾಲಕರನ್ನಾಗಿ ಉಯಿಲಿನಲ್ಲಿ ಬರೆದರು. 1876ರಲ್ಲಿ ಅವರು ತೀರಿಕೊಂಡಾಗ ಅಜ್ಜ ಅಜ್ಜಿ ನ್ಯಾಯಾಲಯಕ್ಕೆ ಹೋಗಿ ಉಯಿಲನ್ನು ತಪ್ಪಿಸಿ ಮಕ್ಕಳನ್ನು ತಮ್ಮ ಬಳಿ ಇಟ್ಟುಕೊಂಡರು. ಅಜ್ಜಿಯದು ಕಟ್ಟುನಿಟ್ಟಿನ ದೈವಭಕ್ತಿ, ದಿನವೂ ಮನೆಮಂದಿಯ ಪ್ರಾರ್ಥನೆ. ಹದಿಹರೆಯದ ರಸೆಲ್ ತನ್ನ ಅನುಮಾನಗಳನ್ನು ಯಾರಿಗೂ ತಿಳಿಯದಂತೆ ಗ್ರೀಕ್ ಅಕ್ಷರಗಳಲ್ಲಿ ಬರೆದಿಡುತ್ತಿದ್ದ. ಹದಿನೆಂಟನೆಯ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದು ಮಿಲ್‌ನ ಆತ್ಮಕಥೆ. ಜಗತ್ತನ್ನು ದೇವರು ಮಾಡಿದನೆಂದರೆ ದೇವರನ್ನು ಮಾಡಿದವರು ಯಾರು ಎಂಬ, ಜೇಮ್ಸ್ ಮಿಲ್ ಮಗನಿಗೆ ಹೇಳಿದ್ದ ಪ್ರಶ್ನೆ ಅಲ್ಲಿತ್ತು. ರಸೆಲ್ ಅಲ್ಲಿಗೆ ದೇವರನ್ನು ಬಿಟ್ಟ. ನ್ಯಾಯಾಲಯ ತಡೆದದ್ದನ್ನು ಪುಸ್ತಕದ ಒಂದು ಸಾಲು ತಲುಪಿಸಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾಸ್ತಿಕತೆಯೂ ಆಸ್ತಿಯ ಹಾಗೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ ಎನ್ನಬಹುದಿತ್ತು. ರಸೆಲ್ 1927ರಲ್ಲಿ ಹೆಂಡತಿ ಡೋರಾ ಜೊತೆ ಬೀಕನ್ ಹಿಲ್ ಎಂಬ ಶಾಲೆ ತೆರೆದು ತನ್ನ ಮಕ್ಕಳನ್ನು ಧರ್ಮವಿಲ್ಲದೆ ಬೆಳೆಸಿದ. ಮಗಳು ಕ್ಯಾಥರೀನ್ ಮುಂದೆ ಕ್ರೈಸ್ತಳಾದಳು, ಅವಳ ಗಂಡ ಪಾದ್ರಿಯಾದ, ಇಬ್ಬರೂ ಧರ್ಮಸೇವೆಗೆಂದು ಉಗಾಂಡಾಕ್ಕೆ ಹೋದರು. ಅಪ್ಪನ ಬಗ್ಗೆ 1975ರಲ್ಲಿ ಅವಳು ಬರೆದ ಪುಸ್ತಕದಲ್ಲಿ ಪ್ರೀತಿಯೂ ಇದೆ, ಅಪ್ಪ ಬದುಕಿಡೀ ಹುಡುಕಿದ್ದು ದೇವರನ್ನೇ ಎಂಬ ಅವಳ ಅನಿಸಿಕೆಯೂ ಇದೆ. ಅಪ್ಪ ಅಜ್ಜಿಯ ಮನೆಯಿಂದ ಹೊರನಡೆದ ಹಾಗೆ ಮಗಳು ಅಪ್ಪನ ಮನೆಯಿಂದ ಹೊರನಡೆದಳು.

ಅವಳೊಬ್ಬಳ ಕಥೆಯಲ್ಲ ಇದು. ಅದೇ ಪ್ಯೂ ಸಮೀಕ್ಷೆಯಲ್ಲಿ, ಧರ್ಮವಿಲ್ಲದೆ ಬೆಳೆದ ಅಮೆರಿಕನ್ನರಲ್ಲಿ ದೊಡ್ಡವರಾದ ಮೇಲೂ ಹಾಗೆಯೇ ಉಳಿದವರು ನೂರಕ್ಕೆ 53. ಉಳಿದವರು ಯಾವುದಾದರೊಂದು ಧರ್ಮ ಸೇರಿದ್ದರು. ಬ್ರಿಟನ್ನಿನಲ್ಲಿ ಹೀಗಿಲ್ಲ. ಅಲ್ಲಿ ಧರ್ಮವಿಲ್ಲದ ತಂದೆತಾಯಿಯರ ಮಕ್ಕಳು ಬಹುತೇಕ ಹಾಗೆಯೇ ಉಳಿಯುತ್ತಾರೆ. ತಂದೆತಾಯಿ ಇಬ್ಬರೂ ಧರ್ಮದವರಾಗಿದ್ದರೆ ಮಕ್ಕಳಲ್ಲಿ ಅರ್ಧದಷ್ಟು ಜನ ಮಾತ್ರ ಅದನ್ನು ಮುಂದುವರಿಸುತ್ತಾರೆ. ಒಬ್ಬರೇ ಆಗಿದ್ದರೆ ಅದರಲ್ಲೂ ಅರ್ಧ. ಡೇವಿಡ್ ವೋಸ್ ಮತ್ತು ಅಲಸ್ಡೇರ್ ಕ್ರಾಕೆಟ್ 2005ರಲ್ಲಿ ಕಂಡುಕೊಂಡ ಲೆಕ್ಕ ಇದು. ಸುತ್ತಲಿನ ಸಮಾಜ ಯಾವ ಕಡೆ ವಾಲಿದೆಯೋ ಮಕ್ಕಳು ಆ ಕಡೆ ಜಾರುತ್ತಾರೆ. ಹಿಂದಿನ ಪೂರ್ವ ಜರ್ಮನಿಯನ್ನು ನೋಡಿ. 2008ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದೇವರನ್ನು ನಂಬುವುದಿಲ್ಲ ಎಂದರು. ಆ ನಾಡಿನಲ್ಲಿ ಧರ್ಮ ಬಿಟ್ಟವರು ಅಜ್ಜ ಅಜ್ಜಿಯರು, ಅದೂ ಸರ್ಕಾರದ ಒತ್ತಡದಲ್ಲಿ. ಮೊಮ್ಮಕ್ಕಳ ಪಾಲಿಗೆ ಬಿಡಲು ಏನೂ ಉಳಿದಿರಲಿಲ್ಲ. ಚರ್ಚಿನ ದೀಕ್ಷೆಗೆ ಬದಲಾಗಿ ಸರ್ಕಾರ 1950ರ ದಶಕದಲ್ಲಿ ಹರಡಿದ, 14 ವರ್ಷದ ಮಕ್ಕಳ ‘ಯೂಗೆಂಡ್‌ವೈಹೆ’ ಎಂಬ ಸಮಾರಂಭ ಆ ಸರ್ಕಾರ ಬಿದ್ದ ಮೇಲೂ ನಡೆಯುತ್ತಿದೆ. ಹೊಸ ಬಟ್ಟೆ, ಉಡುಗೊರೆ, ನೆಂಟರು, ಊಟ. ದೇವರು ಹೋದರೂ ಮನುಷ್ಯರಿಗೆ ಹಬ್ಬ ಬೇಕು.

ಇನ್ನು ನಮ್ಮ ದೇಶ. ಪ್ಯೂ ಕೇಂದ್ರ 2019-20ರಲ್ಲಿ ಇಲ್ಲಿ ಸುಮಾರು 30 ಸಾವಿರ ಜನರನ್ನು ಕೇಳಿದಾಗ ನೂರಕ್ಕೆ 97 ಜನ ದೇವರನ್ನು ನಂಬುತ್ತೇವೆ ಎಂದರು. ಬೆಳೆದ ಧರ್ಮದಲ್ಲಿಯೇ ಇದ್ದೇವೆ ಎಂದವರು ನೂರಕ್ಕೆ 98. 2011ರ ಜನಗಣತಿಯಲ್ಲಿ 121 ಕೋಟಿ ಜನರ ನಡುವೆ ನಾಸ್ತಿಕ ಎಂದೇ ಬರೆಸಿದವರು 33 ಸಾವಿರದಷ್ಟು. ಧರ್ಮವನ್ನೇ ತಿಳಿಸದವರು 28 ಲಕ್ಷಕ್ಕೂ ಹೆಚ್ಚು. ಇಷ್ಟು ಕಡಿಮೆ ಇರುವಲ್ಲಿ ಎರಡನೆಯ ತಲೆಮಾರು ಬೆಳೆಯುವುದಾದರೂ ಎಲ್ಲಿಂದ? ಭಾರತದಲ್ಲಿ ನಿಮಗೆ ಸಿಗುವ ನಾಸ್ತಿಕರು ಹೆಚ್ಚುಕಡಿಮೆ ಎಲ್ಲರೂ ದೇವರ ಮನೆಯಿಂದಲೇ ಹೊರಬಂದವರು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಇಲ್ಲಿ ‘ಹೊರಬರುವುದು’ ಎಂಬ ಮಾತಿಗೆ ಅರ್ಥವೇ ಬೇರೆ. ಬ್ರ್ಯಾಡ್ಲಾಗೆ ಎದುರಾದದ್ದು ನಂಬಿಕೆಯ ಪಟ್ಟಿ, 39 ವಿಧಿಗಳು. ಒಂದನ್ನು ಒಪ್ಪದಿದ್ದರೂ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿ ದೇವರನ್ನು ನಂಬುತ್ತೀಯಾ ಎಂದು ಮಗುವನ್ನು ಯಾರೂ ಕೇಳುವುದಿಲ್ಲ. ಸ್ನಾನ ಆಯಿತಾ ಎಂದು ಕೇಳುತ್ತಾರೆ. ಧರ್ಮ ನಮಗೆ ಬರುವುದು ಪಂಚಾಂಗದಿಂದ, ಅಡುಗೆಮನೆಯಿಂದ. ಗೌರಿ ಹಬ್ಬದ ಬಾಗಿನ, ಚೌತಿಯ ಕಡುಬು, ಎಳ್ಳುಬೆಲ್ಲ, ಸೂತಕ, ಮಡಿ, ಪಿತೃಪಕ್ಷ. ಇವನ್ನೆಲ್ಲ ಮಾಡುತ್ತ ಒಳಗೊಳಗೇ ಏನನ್ನೂ ನಂಬದೆ ನಲವತ್ತು ವರ್ಷ ಕಳೆಯಬಹುದು. ಹಾಗೆ ಕಳೆದವರನ್ನು ನಾನು ಬಲ್ಲೆ. ಅವರು ಯಾವ ಸಮೀಕ್ಷೆಗೂ ಸಿಗುವುದಿಲ್ಲ. ಇನ್ನೊಂದು ವಿಚಿತ್ರ: ಅದೇ ಪ್ಯೂ ಸಮೀಕ್ಷೆಯಲ್ಲಿ ಭಾರತದ ಬೌದ್ಧರಲ್ಲಿ ಮೂವರಲ್ಲೊಬ್ಬರು ದೇವರನ್ನು ನಂಬುವುದಿಲ್ಲ ಎಂದಿದ್ದಾರೆ. ಅವರಿಗೆ ಧರ್ಮವಿದೆ, ದೇವರಿಲ್ಲ. ಸಂಸ್ಕೃತದ ‘ನಾಸ್ತಿಕ’ ಪದವೂ ಮೂಲದಲ್ಲಿ ದೇವರ ಕುರಿತದ್ದಲ್ಲ. ಮನುವಿಗೆ ವೇದವನ್ನು ನಿಂದಿಸುವವನು ನಾಸ್ತಿಕ. ಸೃಷ್ಟಿಕರ್ತನಾದ ಈಶ್ವರನಿಲ್ಲ ಎಂದು ವಾದ ಮಾಡಿದ ಕುಮಾರಿಲ ಭಟ್ಟ ಮಾತ್ರ ಪರಮ ಆಸ್ತಿಕ, ಯಾಕೆಂದರೆ ಅವನು ವೇದವನ್ನು ಬಿಡಲಿಲ್ಲ.

ಅದಕ್ಕೇ ನಮ್ಮಲ್ಲಿ ನಂಬಿಕೆ ಹೋದದ್ದು ಯಾರಿಗೂ ಸುದ್ದಿಯಲ್ಲ, ನಡೆ ಬಿಟ್ಟದ್ದು ಸುದ್ದಿ. ಜನಿವಾರ ತೆಗೆದರೆ, ಶ್ರಾದ್ಧ ನಿಲ್ಲಿಸಿದರೆ, ಜಾತಿಯ ಹೊರಗೆ ಮದುವೆಯಾದರೆ ಆಗ ಮನೆ ನಡುಗುತ್ತದೆ. ಹೆಂಗಸರಿಗೆ ಇದು ಇನ್ನೂ ಕಠಿಣ. ಗಂಡಸು ಪೂಜೆಗೆ ಕೂರದಿದ್ದರೆ ಅವನೊಬ್ಬನ ವಿಷಯ. ಹೆಂಗಸು ನೈವೇದ್ಯ ಮಾಡುವುದಿಲ್ಲ ಎಂದರೆ ಇಡೀ ಮನೆಯ ಹಬ್ಬ ನಿಂತಂತೆ. ದೇವರನ್ನು ನಂಬದ ಎಷ್ಟು ಹೆಂಗಸರು ಇಂದೂ ಹೋಳಿಗೆ ತಟ್ಟುತ್ತಿದ್ದಾರೋ! ಅವರನ್ನು ಎಣಿಸಿದ ಮೇಲೆ ನೂರಕ್ಕೆ 97 ಹಾಗೆಯೇ ಉಳಿಯುತ್ತದೆ ಎಂಬ ಭರವಸೆ ನನಗಿಲ್ಲ.

ಕನ್ನಡದಲ್ಲಿ ಈ ವಿಷಯವನ್ನು ಅತ್ಯಂತ ಹಗುರ ದನಿಯಲ್ಲಿ, ಅತ್ಯಂತ ಗಂಭೀರವಾಗಿ ಎತ್ತಿಕೊಂಡವರು ಎ.ಎನ್. ಮೂರ್ತಿರಾಯರು. 1900ರಲ್ಲಿ ಹುಟ್ಟಿ, ಅಕ್ಕಿಹೆಬ್ಬಾಳಿನ ಬ್ರಾಹ್ಮಣ ಮನೆತನದಲ್ಲಿ ಬೆಳೆದ ಅವರು ‘ದೇವರು’ ಪುಸ್ತಕವನ್ನು ಹೊರತಂದದ್ದು ತೊಂಬತ್ತರ ಆಸುಪಾಸಿನಲ್ಲಿ. ಆ ಪುಸ್ತಕದಲ್ಲಿ ಗುದ್ದಾಟವಿಲ್ಲ. ಬಹಳ ವರ್ಷ ಜೊತೆಗಿದ್ದು ದೂರವಾದ ಹಿರಿಯ ನೆಂಟನೊಬ್ಬನ ಬಗ್ಗೆ ಮಾತನಾಡುವ ಹಾಗೆ ದೇವರ ಬಗ್ಗೆ ಮಾತನಾಡುತ್ತಾರೆ. ಪೆರಿಯಾರ್ ಅವರ ಸಿಟ್ಟು ಎಷ್ಟು ನಿಜವೋ ಮೂರ್ತಿರಾಯರ ಈ ಸೌಮ್ಯತೆಯೂ ಅಷ್ಟೇ ನಿಜ. ಮನೆ ಬಿಟ್ಟವರೆಲ್ಲ ಬಾಗಿಲು ಬಡಿದು ಹೋಗುವುದಿಲ್ಲ.

ಹೊರಬಂದವರ ಮನೆಯಲ್ಲಿ ಹುಟ್ಟಿದ ಮಕ್ಕಳನ್ನು ನೋಡಬೇಕೆಂದರೆ ಆಂಧ್ರದ ಗೋರಾ ಅವರ ಮನೆಗೆ ಹೋಗಬೇಕು. ಗೋಪರಾಜು ರಾಮಚಂದ್ರ ರಾವ್ 1902ರಲ್ಲಿ ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು, ಸಸ್ಯಶಾಸ್ತ್ರದ ಮೇಷ್ಟ್ರು. ಜನಿವಾರ ತೆಗೆದು ಮನೆಯವರಿಂದ ದೂರವಾದರು. ನಾಸ್ತಿಕ ಎಂಬ ಕಾರಣಕ್ಕೆ 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸವೂ ಹೋಯಿತು. ಹತ್ತನೆಯ ವಯಸ್ಸಿಗೇ ಅವರ ಕೈಹಿಡಿದಿದ್ದ ಸರಸ್ವತಿ, ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಬೇಕೆಂದೇ ಮನೆಯಿಂದ ಹೊರಗೆ ಬಂದು ನಿಂತ ಹೆಣ್ಣುಮಗಳು. ಮುಂದೆ ಕರ್ನಾಟಕ ಸರ್ಕಾರ ಬಸವ ಪುರಸ್ಕಾರ ಕೊಟ್ಟದ್ದು ಇದೇ ಸರಸ್ವತಿ ಗೋರಾ ಅವರಿಗೆ. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ಇಬ್ಬರೂ ನಾಸ್ತಿಕ ಕೇಂದ್ರ ತೆರೆದರು, 1947ರಲ್ಲಿ ಅದು ವಿಜಯವಾಡಕ್ಕೆ ಬಂತು.

ಮಕ್ಕಳಿಗೆ ಅವರಿಟ್ಟ ಹೆಸರುಗಳನ್ನು ಕೇಳಿ. ಉಪ್ಪಿನ ಸತ್ಯಾಗ್ರಹದ ವರ್ಷ ಹುಟ್ಟಿದವನು ಲವಣಂ. ಮಹಾಯುದ್ಧದ ಕಾಲದವನು ಸಮರಂ. ಒಂಬತ್ತನೆಯ ಮಗು ನೌ, ಅಂದರೆ ಒಂಬತ್ತು. ದೇವರ ಹೆಸರಿಲ್ಲ, ಜಾತಿಯ ಬಾಲವಿಲ್ಲ. ದೇವರನ್ನು ಬಿಟ್ಟವರು ನಾಮಕರಣದ ಹೊತ್ತಿಗೆ ಎಷ್ಟು ಹೊಸದಾಗಿ ಯೋಚಿಸಬೇಕಾಗುತ್ತದೆ ಎಂಬುದು ಈ ಹೆಸರುಗಳಲ್ಲಿ ಗೊತ್ತಾಗುತ್ತದೆ. ಮಗಳು ಮನೋರಮಾ ದಲಿತ ಯುವಕನನ್ನು ಮದುವೆಯಾಗುವುದೆಂದು ನಿಶ್ಚಯವಾದಾಗ ಗಾಂಧೀಜಿ ಆ ಮದುವೆಯನ್ನು ಸೇವಾಗ್ರಾಮದಲ್ಲಿ ತಾವೇ ನಡೆಸಿಕೊಡಲು ಒಪ್ಪಿದ್ದರು, ದೇವರ ಹೆಸರಿನ ಜಾಗದಲ್ಲಿ ಸತ್ಯದ ಹೆಸರಿಟ್ಟು. ಆ ಹೊತ್ತಿಗೆ ಅವರು ಇರಲಿಲ್ಲ. 1948ರ ಮಾರ್ಚಿನಲ್ಲಿ, ಅವರ ಹತ್ಯೆಯಾದ ಕೆಲವೇ ವಾರಗಳ ಮೇಲೆ, ಅದೇ ಆಶ್ರಮದಲ್ಲಿ ಮದುವೆ ನಡೆಯಿತು. ಲವಣಂ ಕೈಹಿಡಿದದ್ದು ತೆಲುಗಿನ ದೊಡ್ಡ ಕವಿ, ದಲಿತ ಕುಲದಲ್ಲಿ ಹುಟ್ಟಿದ ಗುರ್ರಂ ಜಾಷುವಾ ಅವರ ಮಗಳು ಹೇಮಲತಾರನ್ನು. ಸಮರಂ ಡಾಕ್ಟರಾದರು. ಗೋರಾಗೆ ದೇವರೊಂದಿಗೆ ಜಗಳವಿತ್ತು. ಮಕ್ಕಳಿಗೆ ಅದು ಬೇಕಾಗಲಿಲ್ಲ. ಅವರು ನೇರವಾಗಿ ಜನರ ಕೆಲಸಕ್ಕೆ ಇಳಿದರು.

ಪೆರಿಯಾರರ ತಮಿಳುನಾಡಿನಲ್ಲಿ, ಆಗ ವೆಲ್ಲೂರು ಜಿಲ್ಲೆಗೆ ಸೇರಿದ್ದ ತಿರುಪತ್ತೂರಿನಲ್ಲಿ, ಒಬ್ಬ ವಕೀಲೆ 2019ರ ಫೆಬ್ರವರಿಯಲ್ಲಿ ತಹಶೀಲ್ದಾರರಿಂದ ಒಂದು ಸರ್ಟಿಫಿಕೇಟ್ ಪಡೆದರು. ಇವರಿಗೆ ಜಾತಿಯೂ ಇಲ್ಲ, ಧರ್ಮವೂ ಇಲ್ಲ ಎಂದು ಅದರಲ್ಲಿತ್ತು. ಅರ್ಜಿ ಹಾಕತೊಡಗಿ ಒಂಬತ್ತು ವರ್ಷವಾಗಿತ್ತು. ಧರ್ಮವನ್ನು ಬಿಟ್ಟವರಲ್ಲ ಅವರು. ಅಪ್ಪ ಅಮ್ಮ ಶಾಲೆಗೆ ಸೇರಿಸುವಾಗಲೇ ಆ ಎರಡು ಕಲಂಗಳಲ್ಲಿ ಏನನ್ನೂ ಬರೆಸಿರಲಿಲ್ಲ. ಅಧಿಕಾರಿಗಳು ಅವರ ಶಾಲೆಯ, ಕಾಲೇಜಿನ ದಾಖಲೆಗಳನ್ನೆಲ್ಲ ತರಿಸಿ ಒಂದೊಂದಾಗಿ ನೋಡಿದರು. ಎಲ್ಲ ಕಾಗದಗಳಲ್ಲೂ ಆ ಎರಡು ಜಾಗ ಖಾಲಿ ಇದ್ದವು. ಸಹಿ ಬಿದ್ದದ್ದು ಆ ಖಾಲಿ ಜಾಗಗಳನ್ನು ನೋಡಿದ ಮೇಲೆ. ತಮ್ಮ ಹೆಣ್ಣುಮಕ್ಕಳನ್ನು ಶಾಲೆಗೆ ಸೇರಿಸುವಾಗಲೂ ಅವರು ಅವುಗಳನ್ನು ಹಾಗೆಯೇ ಬಿಟ್ಟಿದ್ದಾರೆ.